ನವೆಗೆ ಮುಲಾಮು: ಹಚ್ಚುವ ಮುನ್ನ ಮೂರು ಪ್ರಶ್ನೆ



ಉಳಿತಾಯ, ಸಾಲ, ಬಡ್ಡಿ, ಮಕ್ಕಳ ಓದು, ಕುಡಿಯುವ ನೀರು, ಹೀಗೆ ಸಂಘದ ಸಭೆಯಲ್ಲಿ ನಾವು ಮಾತಾಡದ ವಿಷಯವಿಲ್ಲ. ಆದರೆ ಒಂದು ವಿಷಯ ಮಾತ್ರ ಸಭೆ ಮುಗಿದು, ಪುಸ್ತಕ ಮುಚ್ಚಿ, ಎಲ್ಲರೂ ಎದ್ದು ಹೋದ ಮೇಲೆ ಹೊರಗೆ ಬರುತ್ತದೆ. "ಸಿಸ್ಟರ್, ಒಂದ್ ನಿಮಿಷ" ಅಂತ ಕರೆದು, ಆಚೆ ಈಚೆ ನೋಡಿ, ಸೆರಗಿನ ಮರೆಯಲ್ಲಿ ಒಂದು ಟ್ಯೂಬ್ ತೋರಿಸುತ್ತಾರೆ. "ಕೆಳಗೆ ನವೆ. ಇದನ್ನ ಹಚ್ಚಿದ್ರೆ ಕಡಿಮೆ ಆಗುತ್ತೆ, ಬಿಟ್ರೆ ಮತ್ತೆ ಬರುತ್ತೆ" ಅಂತಾರೆ. ಯಲ್ಲದಕೆರೆ ಭಾಗದ ಸಂಘಗಳಲ್ಲಿ ಮಾತ್ರವಲ್ಲ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲೂ ಈ ಮಾತು ಕೇಳಿದ್ದೇವೆ.

ಹೆಣ್ಣುಮಕ್ಕಳಿಗೆ ಜನನಾಂಗದ ಭಾಗದಲ್ಲಿ ನವೆ ಬರುವುದು ಸಾಮಾನ್ಯ. ಅದು ಪಾಪವೂ ಅಲ್ಲ, ಗಲೀಜಿನ ಗುರುತೂ ಅಲ್ಲ. ಬಿಸಿಲಿನಲ್ಲಿ ಶೇಂಗಾ ಹೊಲ, ಈರುಳ್ಳಿ ಹೊಲದಲ್ಲಿ ಬೆಳಗಿನಿಂದ ಸಂಜೆವರೆಗೂ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿಗೆ, ಬೆವರಿದ ಬಟ್ಟೆಯಲ್ಲೇ ಇರಬೇಕಾದವರಿಗೆ ಇದು ಇನ್ನೂ ಹೆಚ್ಚು. ತೊಂದರೆ ಇರುವುದು ನವೆ ಬಂದದ್ದರಲ್ಲಿ ಅಲ್ಲ. ಯಾರಿಗೂ ಹೇಳದೆ, ಏನೆಂದು ತಿಳಿಯದೆ, ಸಿಕ್ಕಿದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದರಲ್ಲಿ ಇದೆ. ಈ ಬಗ್ಗೆ ಇಲ್ಲಿ ವಿವರವಾಗಿ ತಿಳಿದುಕೊಳ್ಳೋಣ.

ನವೆ ಒಂದೇ, ಕಾರಣ ಹಲವು

ಜ್ವರ ಬಂದರೆ ಅದು ಮಲೇರಿಯಾ ಇರಬಹುದು, ಟೈಫಾಯ್ಡ್ ಇರಬಹುದು, ಬರೀ ನೆಗಡಿಯೂ ಇರಬಹುದು. ಹಾಗೆಯೇ ನವೆ ಒಂದು ಲಕ್ಷಣ ಮಾತ್ರ. ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ. ಮುಖ್ಯವಾದವು ಇವು:

1. ಯೀಸ್ಟ್ ಸೋಂಕು. ಇದು ಒಂದು ಜಾತಿಯ ಶಿಲೀಂಧ್ರ, ಅಂದರೆ ಹಳಸಿದ ರೊಟ್ಟಿ ಮೇಲೆ ಬರುವ ಬೂಷ್ಟಿನ ದೂರದ ನೆಂಟ. ವಿಪರೀತ ನವೆ, ಉರಿ, ಮೊಸರಿನ ಗಡ್ಡೆಯಂತೆ ಗಟ್ಟಿಯಾದ ಬಿಳಿ ಸ್ರಾವ ಇದರ ಗುರುತು. ಸಾಮಾನ್ಯವಾಗಿ ಕೆಟ್ಟ ವಾಸನೆ ಇರುವುದಿಲ್ಲ. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬೇರೆ ಯಾವುದಕ್ಕೋ ಆಂಟಿಬಯಾಟಿಕ್ ಮಾತ್ರೆ ನುಂಗಿದ ಮೇಲೆ ಹೆಚ್ಚಾಗಿ ಬರುತ್ತದೆ.

2. ಬ್ಯಾಕ್ಟೀರಿಯಾದಿಂದ ಬರುವ ತೊಂದರೆ. ತೆಳ್ಳಗಿನ, ಬೂದು ಬಣ್ಣದ ಸ್ರಾವ, ಮೀನಿನಂಥ ವಾಸನೆ. ನವೆ ಕಡಿಮೆ. ಇದಕ್ಕೆ ಯೀಸ್ಟಿನ ಮುಲಾಮು ಎಷ್ಟು ಹಚ್ಚಿದರೂ ಹೋಗುವುದಿಲ್ಲ.

3. ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ. ಹಳದಿ ಅಥವಾ ಹಸಿರು ಛಾಯೆಯ, ಕೆಲವೊಮ್ಮೆ ನೊರೆನೊರೆಯಾದ ಸ್ರಾವ, ವಾಸನೆ, ನವೆ, ಮೂತ್ರ ಮಾಡುವಾಗ ಉರಿ. ಇದು ಗಂಡ ಹೆಂಡತಿಯ ನಡುವೆ ದಾಟುವ ಸೋಂಕು. ಇಬ್ಬರೂ ಮಾತ್ರೆ ತೆಗೆದುಕೊಳ್ಳಬೇಕು.

4. ಹುಳುಕಡ್ಡಿ ಅಥವಾ ಗಜಕರ್ಣ. ತೊಡೆ ಸಂದಿಯಲ್ಲಿ, ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಪೃಷ್ಠದಲ್ಲಿ ಉಂಗುರದಂತೆ ಹರಡುತ್ತದೆ. ಅಂಚು ಕೆಂಪಾಗಿ ಉಬ್ಬಿರುತ್ತದೆ, ನಡುವೆ ತಿಳಿಯಾಗಿರುತ್ತದೆ. ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಟವೆಲು, ಬಟ್ಟೆ, ಹಾಸಿಗೆ ಮೂಲಕ ಹರಡುತ್ತದೆ.

5. ತುರಿಕಜ್ಜಿ ಮತ್ತು ಹೇನು. ರಾತ್ರಿ ಹೊತ್ತು ನವೆ ಹೆಚ್ಚು. ಬೆರಳ ಸಂದಿಯಲ್ಲೂ ಕೆರೆತ, ಮನೆಯ ಇತರರಿಗೂ ಕೆರೆತ ಇದ್ದರೆ ತುರಿಕಜ್ಜಿ ಇರಬಹುದು.

6. ಜಂತುಹುಳು. ಮಕ್ಕಳಲ್ಲಿ ಹೆಚ್ಚು. ರಾತ್ರಿ ಮಲದ್ವಾರದ ಸುತ್ತ ನವೆ, ಹೆಣ್ಣುಮಕ್ಕಳಲ್ಲಿ ಮುಂದಕ್ಕೂ ಬರುತ್ತದೆ. ಇದಕ್ಕೆ ಬೇಕಾದ್ದು ಜಂತುಹುಳುವಿನ ಮಾತ್ರೆ, ಮುಲಾಮಲ್ಲ.

7. ಚರ್ಮಕ್ಕೆ ಆಗದ ವಸ್ತು. ಖಾರವಾದ ಸೋಪು, ಡೆಟಾಲು, ಪರಿಮಳದ ಪುಡಿ, ಪ್ಯಾಡು, ಸರಿಯಾಗಿ ಜಾಲಿಸದ ಬಟ್ಟೆಯ ಸೋಪಿನ ಪುಡಿ, ಕೂದಲು ತೆಗೆಯುವ ಕ್ರೀಮು. ಕೆಲವೊಮ್ಮೆ ನವೆಗೆ ಅಂತ ಹಚ್ಚಿದ ಮುಲಾಮೇ ಆಗಿಬರದೆ ನವೆ ಹೆಚ್ಚಾಗುತ್ತದೆ.

8. ಮುಟ್ಟು ನಿಂತ ಮೇಲಿನ ಒಣಚರ್ಮ. ದೇಹದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಕಡಿಮೆಯಾಗಿ ಚರ್ಮ ತೆಳುವಾಗುತ್ತದೆ, ಒಣಗುತ್ತದೆ, ಉರಿಯುತ್ತದೆ.

9. ಬಿಳಿ ಮಚ್ಚೆಯ ಚರ್ಮರೋಗ. ಚರ್ಮ ಬೆಳ್ಳಗೆ, ಹೊಳಪಾಗಿ, ಕಾಗದದಂತೆ ಸುಕ್ಕಾಗುತ್ತದೆ. ನವೆ ವಿಪರೀತ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇದೆ.

ಇಷ್ಟೊಂದು ಕಾರಣ ಇರುವಾಗ ಒಂದೇ ಟ್ಯೂಬ್ ಎಲ್ಲಕ್ಕೂ ಹೇಗೆ ಆದೀತು? "ನನಗೆ ಗೊತ್ತು, ಇದು ಅದೇ" ಅಂತ ನಾವು ಅಂದುಕೊಳ್ಳುವುದು ಎಷ್ಟು ಸರಿಯಿರುತ್ತದೆ ಎಂಬುದಕ್ಕೆ ಒಂದು ಅಧ್ಯಯನವಿದೆ. ಅಮೆರಿಕದಲ್ಲಿ ಯೀಸ್ಟ್ ಸೋಂಕು ಎಂದು ತಾವೇ ತೀರ್ಮಾನಿಸಿ, ಅಂಗಡಿಯಲ್ಲಿ ಚೀಟಿಯಿಲ್ಲದೆ ಔಷಧಿ ಕೊಂಡ 95 ಮಹಿಳೆಯರನ್ನು ವೈದ್ಯರು ಪರೀಕ್ಷಿಸಿದರು. 2002ರಲ್ಲಿ ಅದು ಪ್ರಕಟವಾಯಿತು. ನಿಜವಾಗಿ ಯೀಸ್ಟ್ ಸೋಂಕು ಮಾತ್ರ ಇದ್ದದ್ದು ಮೂವರಲ್ಲಿ ಸುಮಾರು ಒಬ್ಬರಿಗೆ. ಉಳಿದವರಿಗೆ ಇದ್ದದ್ದು ಬೇರೆ ತೊಂದರೆ, ಅಥವಾ ಯೀಸ್ಟಿನ ಜೊತೆಗೆ ಇನ್ನೊಂದು. ಓದು ಬರಹ, ಆಸ್ಪತ್ರೆ ಎಲ್ಲ ಹತ್ತಿರವಿರುವ ಊರಿನಲ್ಲೇ ಹೀಗಾದರೆ, ನಾವು ಊಹೆಯ ಮೇಲೆ ನಡೆಯುವುದು ಎಷ್ಟು ಸರಿ?

ಟ್ಯೂಬಿನ ಒಳಗೆ ಏನಿದೆ?

ಮೆಡಿಕಲ್ ಶಾಪಿನಲ್ಲಿ "ನವೆಗೆ ಒಂದು ಟ್ಯೂಬ್ ಕೊಡಿ" ಅಂದರೆ ಕೊಡುವ ಮುಲಾಮುಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಒಂದೇ ಔಷಧಿ ಇರುವ ಮುಲಾಮು. ಉದಾಹರಣೆಗೆ ಕ್ಲೋಟ್ರಿಮಜೋಲ್. ಇದು ಶಿಲೀಂಧ್ರವನ್ನು ಕೊಲ್ಲುವ ಔಷಧಿ. ಯೀಸ್ಟಿಗೂ, ಹುಳುಕಡ್ಡಿಗೂ ಬಳಸುತ್ತಾರೆ. ಬೆಲೆ ಹೆಚ್ಚಿಲ್ಲ, ಜನೌಷಧಿ ಅಂಗಡಿಗಳಲ್ಲಿ ಇನ್ನೂ ಕಡಿಮೆ.

ಎರಡನೆಯದು ಮಿಶ್ರಣ. ಒಂದೇ ಟ್ಯೂಬಿನಲ್ಲಿ ಮೂರು, ನಾಲ್ಕು ಔಷಧಿ. ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಒಂದು ಸ್ಟೀರಾಯ್ಡ್. "ಎಲ್ಲದಕ್ಕೂ ಆಗುತ್ತೆ, ಬೇಗ ವಾಸಿ" ಅಂತ ಇದನ್ನೇ ಹೆಚ್ಚು ಕೊಡುವ ರೂಢಿ ಇದೆ. ಕೊಳ್ಳುವವರೂ ಇದನ್ನೇ ಕೇಳುತ್ತಾರೆ, ಯಾಕೆಂದರೆ ಹಚ್ಚಿದ ಒಂದೆರಡು ದಿನದಲ್ಲೇ ನವೆ ನಿಲ್ಲುತ್ತದೆ.

ನವೆ ನಿಲ್ಲಿಸಿದ್ದು ಸ್ಟೀರಾಯ್ಡ್. ಅದು ಚರ್ಮದ ಕೆಂಪು, ಊತ, ನವೆಯನ್ನು ಅಡಗಿಸುತ್ತದೆ. ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಬದಲಿಗೆ ಆ ಜಾಗದಲ್ಲಿ ರೋಗದ ವಿರುದ್ಧ ಹೋರಾಡುವ ದೇಹದ ಶಕ್ತಿಯನ್ನೇ ತಗ್ಗಿಸುತ್ತದೆ. ಹೊಲ ಕಾಯುವ ನಾಯಿಯ ಬಾಯಿ ಕಟ್ಟಿದ ಹಾಗೆ. ಬೊಗಳುವುದು ನಿಂತಿತು, ಆದರೆ ಕಳ್ಳ ಹೊಲದಲ್ಲೇ ಇದ್ದಾನೆ, ಈಗ ಧೈರ್ಯವಾಗಿ ಓಡಾಡುತ್ತಾನೆ. ಮುಲಾಮು ನಿಲ್ಲಿಸಿದ ಕೂಡಲೇ ನವೆ ಮೊದಲಿಗಿಂತ ಜೋರಾಗಿ ಬರುತ್ತದೆ. ಮತ್ತೆ ಟ್ಯೂಬ್, ಮತ್ತೆ ತಂಪು, ಮತ್ತೆ ನವೆ. ತಂಪಾದದ್ದೆಲ್ಲ ವಾಸಿಯಾದದ್ದಲ್ಲ, ಈ ಮಾತು ನೆನಪಿರಲಿ.

ಗುಪ್ತಭಾಗದಲ್ಲಿ ಈ ಅಪಾಯ ಯಾಕೆ ಹೆಚ್ಚು? ಅಂಗೈ, ಅಂಗಾಲಿನ ಚರ್ಮ ದಪ್ಪ. ಅಲ್ಲಿನ ಚರ್ಮ ತೆಳು. ಮಡಿಕೆ ಮಡಿಕೆಯಾಗಿ, ಬೆವರಿನಿಂದ ಒದ್ದೆಯಾಗಿ, ಬಟ್ಟೆಯಿಂದ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಹಚ್ಚಿದ ಔಷಧಿ ಹೆಚ್ಚು ಪ್ರಮಾಣದಲ್ಲಿ ಒಳಗೆ ಇಳಿಯುತ್ತದೆ. ಬಲವಾದ ಸ್ಟೀರಾಯ್ಡನ್ನು ವಾರ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗುತ್ತದೆ. ತೊಡೆ ಸಂದಿಯಲ್ಲಿ ಬಸುರಿಯ ಹೊಟ್ಟೆಯ ಮೇಲೆ ಬರುವಂಥ ಸೀಳುಗೆರೆಗಳು ಬರುತ್ತವೆ. ಅವು ಮತ್ತೆ ಪೂರ್ತಿ ಹೋಗುವುದಿಲ್ಲ. ಬಣ್ಣ ಮಾಸುತ್ತದೆ, ನೀರು ತಾಗಿದರೂ ಉರಿಯುತ್ತದೆ.

ಒಂದು ಸಂಘದ ಸದಸ್ಯೆಯ ವಿಷಯ ಹೇಳುತ್ತೇವೆ. ಹೆಸರು, ಊರು ಬೇಡ. ತೊಡೆ ಸಂದಿಯಲ್ಲಿ ಸಣ್ಣ ಉಂಗುರದಂತೆ ಶುರುವಾದದ್ದು. ಗಂಡ ಪೇಟೆಯಿಂದ ಟ್ಯೂಬ್ ತಂದರು. ಮೂರು ದಿನಕ್ಕೆ ನವೆ ನಿಂತಿತು, ಬಿಟ್ಟರು. ಹದಿನೈದು ದಿನಕ್ಕೆ ಮತ್ತೆ ಬಂತು. ಹೀಗೆ ಐದು ತಿಂಗಳು. ಅಷ್ಟರಲ್ಲಿ ಗಂಡನಿಗೂ, ಮಗಳಿಗೂ ಹತ್ತಿತ್ತು, ಮೂವರಿಗೂ ಅದೇ ಟ್ಯೂಬ್. ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಉಂಗುರ ಸೊಂಟ ಸುತ್ತಿ ಬೆನ್ನಿಗೆ ಹರಡಿತ್ತು. ಮೂವರಿಗೂ ಒಟ್ಟಿಗೆ ಚಿಕಿತ್ಸೆ ಕೊಟ್ಟು ವಾಸಿಯಾಗಲು ಮೂರು ತಿಂಗಳು ಬೇಕಾಯಿತು. ಮೊದಲ ವಾರವೇ ತೋರಿಸಿದ್ದರೆ ಕಡಿಮೆ ಬೆಲೆಯ ಒಂದು ಮುಲಾಮಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಇದು.

ಇದು ಒಂದು ಮನೆಯ ಕಥೆಯಲ್ಲ. ಸುಲಭಕ್ಕೆ ಬಗ್ಗದ ಹುಳುಕಡ್ಡಿ ಇಡೀ ದೇಶದಲ್ಲಿ ಪಿಡುಗಿನಂತೆ ಹರಡಿದೆ, ಅದಕ್ಕೆ ಸ್ಟೀರಾಯ್ಡ್ ಮಿಶ್ರಣದ ಮುಲಾಮುಗಳೂ ಒಂದು ಮುಖ್ಯ ಕಾರಣ ಎಂದು ಚರ್ಮರೋಗ ತಜ್ಞರು ಹೇಳುತ್ತಾ ಬಂದಿದ್ದಾರೆ. ಭಾರತದ ಚರ್ಮರೋಗ ತಜ್ಞರ ಸಂಘವು ಸ್ಟೀರಾಯ್ಡ್ ಮುಲಾಮುಗಳ ದುರ್ಬಳಕೆಯ ವಿರುದ್ಧ ಒಂದು ಕಾರ್ಯಪಡೆಯನ್ನೇ ರಚಿಸಿತು. ಮಾಮೂಲಿ ಔಷಧಿಗೆ ಜಗ್ಗದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು 'ಟ್ರೈಕೊಫೈಟಾನ್ ಇಂಡೊಟಿನಿಯೆ' ಎಂದು ಹೆಸರಿಟ್ಟರು. ಆ ಹೆಸರಿನಲ್ಲೇ ನಮ್ಮ ದೇಶದ ಹೆಸರು ಸೇರಿದೆ. ಇದು ಹೆಮ್ಮೆಪಡುವ ವಿಷಯವಲ್ಲ.

ಹಾಗಾದರೆ ಸ್ಟೀರಾಯ್ಡ್ ವಿಷವೇ? ಅಲ್ಲ. ಮೇಲೆ ಹೇಳಿದ ಬಿಳಿ ಮಚ್ಚೆಯ ರೋಗಕ್ಕೆ ವೈದ್ಯರು ಬಲವಾದ ಸ್ಟೀರಾಯ್ಡ್ ಮುಲಾಮನ್ನೇ ಕೊಡುತ್ತಾರೆ, ಅಲ್ಲಿ ಅದೇ ಸರಿಯಾದ ಔಷಧಿ. ಯಾವ ರೋಗಕ್ಕೆ, ಎಷ್ಟು, ಎಷ್ಟು ದಿನ ಅಂತ ನೋಡಿ ಕೊಡುತ್ತಾರೆ. ವೈದ್ಯರು ನಿಮ್ಮನ್ನು ಪರೀಕ್ಷಿಸಿ ಬರೆದುಕೊಟ್ಟಿದ್ದರೆ ಈ ಲೇಖನ ಓದಿ ಹೆದರಿ ನಿಲ್ಲಿಸಬೇಡಿ.

ಕಾನೂನು ಏನು ಹೇಳುತ್ತದೆ?

2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 344 ಮಿಶ್ರಣ ಔಷಧಿಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಮತ್ತೆ ಪರಿಶೀಲನೆ ನಡೆದು 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳ ಮೇಲೆ ನಿಷೇಧ ಬಂತು. ಸ್ಟೀರಾಯ್ಡ್ ಸೇರಿಸಿದ ಹಲವು ಚರ್ಮದ ಮುಲಾಮುಗಳೂ ಅದರಲ್ಲಿದ್ದವು. ಅದೇ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಪಟ್ಟಿಗೆ, ಅಂದರೆ ಶೆಡ್ಯೂಲ್ 'ಎಚ್'ಗೆ ಸೇರಿಸಲಾಯಿತು.

ಆದರೂ ಎಷ್ಟೋ ಕಡೆ ಕೇಳಿದರೆ ಸಾಕು, ಕೊಡುತ್ತಾರೆ. ಆದ್ದರಿಂದ ಒಂದು ಮಾತು ನೆನಪಿಡಿ. ಚೀಟಿಯಿಲ್ಲದೆ ಸಿಗುವುದೆಲ್ಲ ಚೀಟಿಯಿಲ್ಲದೆ ಬಳಸಬಹುದಾದದ್ದಲ್ಲ.

ಹಚ್ಚುವ ಮುನ್ನ ಮೂರು ಪ್ರಶ್ನೆ

ಟ್ಯೂಬಿನ ಮುಚ್ಚಳ ತೆಗೆಯುವ ಮುನ್ನ ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲ ಪ್ರಶ್ನೆ: ಇದು ಯಾವ ನವೆ ಎಂದು ನನಗೆ ಹೇಗೆ ಗೊತ್ತು? ಹಿಂದೆ ಒಮ್ಮೆ ವೈದ್ಯರು ಪರೀಕ್ಷಿಸಿ ಯೀಸ್ಟ್ ಸೋಂಕು ಅಂತ ಹೇಳಿದ್ದು, ಈಗಲೂ ಅದೇ ಲಕ್ಷಣ ಹಾಗೇ ಇದ್ದರೆ, ಕ್ಲೋಟ್ರಿಮಜೋಲ್ ಒಂದೇ ಇರುವ ಮುಲಾಮನ್ನು ಬಳಸಿ ನೋಡಬಹುದು. ಇದೇ ಮೊದಲ ಸಲ ಬಂದದ್ದಾದರೆ ಒಮ್ಮೆ ತೋರಿಸಿ. ಪಕ್ಕದ ಮನೆಯ ಅಕ್ಕನಿಗೆ ವಾಸಿಯಾಯಿತು ಎಂಬುದು ನಮಗೆ ಉತ್ತರವಲ್ಲ.

ಎರಡನೇ ಪ್ರಶ್ನೆ: ಟ್ಯೂಬಿನಲ್ಲಿ ಏನೇನಿದೆ? ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ಔಷಧಿಯ ಹೆಸರು. ಅದನ್ನೇ ಓದಬೇಕು. ಓದಲು ಬಾರದಿದ್ದರೆ ಸಂಘದಲ್ಲಿ ಓದು ಬಲ್ಲವರಿಂದ ಓದಿಸಿ. ಯಾವ ಜಾಗಕ್ಕೆ ಅಂತ ಹೇಳಬೇಕಾಗಿಲ್ಲ. ಕ್ಲೊಬೆಟಾಸಾಲ್, ಹ್ಯಾಲೊಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್, ಫ್ಲೂಸಿನೊಲೋನ್, ಟ್ರಯಾಮ್ಸಿನೊಲೋನ್, ಹೈಡ್ರೊಕಾರ್ಟಿಸೋನ್, ಇವೆಲ್ಲ ಸ್ಟೀರಾಯ್ಡ್‌ಗಳು. 'ಸೋನ್', 'ಲೋನ್', 'ಟಾಸಾಲ್' ಎಂದು ಹೆಸರು ಮುಗಿದರೆ ಎಚ್ಚರ ಅಂತ ಗುರುತಿಟ್ಟುಕೊಳ್ಳಿ. ಡಬ್ಬದ ಮೇಲೆ 'ಆರ್‌ಎಕ್ಸ್' ಎಂಬ ಎರಡಕ್ಷರದ ಗುರುತು ಇದ್ದರೆ ಅದು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಔಷಧಿ. ಅಂಗಡಿಯವರನ್ನು ನೇರವಾಗಿ ಕೇಳಿ: "ಅಣ್ಣಾ, ಇದರಲ್ಲಿ ಸ್ಟೀರಾಯ್ಡ್ ಇದೆಯಾ? ಇದ್ರೆ ಬೇಡ." ಹೀಗೆ ಕೇಳಲು ನಾಚಿಕೆಪಡಬೇಕಾಗಿಲ್ಲ. ಮುಲಾಮು ಎಲ್ಲಿಗೆ ಎಂದು ಅವರಿಗೆ ಹೇಳಬೇಕೆಂದೇನೂ ಇಲ್ಲ.

ಮೂರನೇ ಪ್ರಶ್ನೆ: ಎಷ್ಟು ದಿನ, ಯಾವತ್ತು ನಿಲ್ಲಿಸಬೇಕು? ಹಚ್ಚಲು ಶುರು ಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯೀಸ್ಟ್ ಸೋಂಕಾದರೆ ಮೂರು ದಿನದಲ್ಲಿ ಹಗುರಾಗತೊಡಗಬೇಕು. ಏಳು ದಿನವಾದರೂ ಹೋಗದಿದ್ದರೆ ನಮ್ಮ ಊಹೆ ತಪ್ಪಿರಬಹುದು. ಇನ್ನೊಂದು ಟ್ಯೂಬ್ ಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ.

ಹಚ್ಚುವ ಸರಿಯಾದ ಕ್ರಮ

1. ಮೊದಲು ಕೈ ತೊಳೆಯಿರಿ. ಆ ಭಾಗವನ್ನು ಬರೀ ನೀರಿನಿಂದ ತೊಳೆದು, ಮೆತ್ತಗಿನ ಒಣ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬೇಡಿ.

2. ಬಟಾಣಿ ಕಾಳಿನಷ್ಟು ಮುಲಾಮು ಸಾಕು. ತೆಳ್ಳಗೆ, ಹೊರಭಾಗಕ್ಕೆ ಮಾತ್ರ ಹಚ್ಚಿ. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ. ದಿನಕ್ಕೆ ಎಷ್ಟು ಸಲ ಎಂದು ಡಬ್ಬದೊಳಗಿನ ಕಾಗದದಲ್ಲಿ ಇರುತ್ತದೆ. ಕ್ಲೋಟ್ರಿಮಜೋಲ್ ಸಾಮಾನ್ಯವಾಗಿ ದಿನಕ್ಕೆ ಎರಡು ಅಥವಾ ಮೂರು ಸಲ.

3. ಚರ್ಮಕ್ಕೆಂದು ಇರುವ ಮುಲಾಮನ್ನು ಯೋನಿಯ ಒಳಗೆ ಹಾಕಬೇಡಿ. ಒಳಗೆ ಇಡಲೆಂದೇ ಬೇರೆ ಮಾತ್ರೆ, ಬೇರೆ ಕ್ರೀಮು ಇದೆ. ಅದನ್ನು ಒಂದೇ ದಿನವೋ, ಆರು ದಿನವೋ ಎಂದು ವೈದ್ಯರು ಹೇಳುತ್ತಾರೆ. ರಾತ್ರಿ ಮಲಗುವಾಗ ಇಡುವುದು ಒಳ್ಳೆಯದು. ಮುಟ್ಟಿನ ದಿನಗಳಲ್ಲಿ ಇಡಬೇಡಿ.

4. ಹುಳುಕಡ್ಡಿಯಾದರೆ ಉಂಗುರದ ಮೇಲೆ ಮಾತ್ರವಲ್ಲ, ಅಂಚಿನಿಂದ ಎರಡು ಬೆರಳಷ್ಟು ಆಚೆಗೂ ಹಚ್ಚಿ. ಕಣ್ಣಿಗೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಿ. ನವೆ ನಿಂತ ದಿನವೇ ಬಿಡುವುದರಿಂದಲೇ ಅದು ಮರಳಿ ಬರುತ್ತದೆ.

5. ಹಚ್ಚಿದ ಮೇಲೆ ಮತ್ತೆ ಕೈ ತೊಳೆಯಿರಿ. ಅದೇ ಕೈಯಲ್ಲಿ ಕಣ್ಣು ಮುಟ್ಟಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ.

6. ಚಿಕಿತ್ಸೆಯ ದಿನಗಳಲ್ಲಿ ದಾಂಪತ್ಯ ಸಂಪರ್ಕ ಬೇಡ. ಈ ಕ್ರೀಮುಗಳು ನಿರೋಧದ ರಬ್ಬರನ್ನು ದುರ್ಬಲಗೊಳಿಸುತ್ತವೆ ಎಂಬುದೂ ತಿಳಿದಿರಲಿ.

7. ಹಚ್ಚಿದ ಕೂಡಲೇ ಉರಿ ಜೋರಾದರೆ, ಊತ, ಗುಳ್ಳೆ ಬಂದರೆ ತೊಳೆದು ನಿಲ್ಲಿಸಿ.

8. ಒಬ್ಬರ ಟ್ಯೂಬ್ ಒಬ್ಬರಿಗೇ. ಅವಧಿ ಮುಗಿದ ದಿನಾಂಕ ನೋಡಿ. ಶೀಟಿನ ಮನೆಯಲ್ಲಿ ಕಿಟಕಿ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟ ಔಷಧಿ ಕೆಡುತ್ತದೆ. ತಂಪಾದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ.

ಇಂಥವರು ತಾವೇ ಹಚ್ಚಿಕೊಳ್ಳುವುದು ಬೇಡ

ಕೆಳಗಿನವರು ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಬೇಕು:

- ಬಸುರಿಯರು, ಬಸುರಿ ಇರಬಹುದೆಂಬ ಅನುಮಾನ ಇರುವವರು. ಬಸುರಿಯರಿಗೂ ಸುರಕ್ಷಿತ ಚಿಕಿತ್ಸೆ ಇದೆ, ಆದರೆ ಕೆಲವು ನುಂಗುವ ಮಾತ್ರೆಗಳು ಅವರಿಗೆ ಆಗುವುದಿಲ್ಲ.
- 16 ವರ್ಷದೊಳಗಿನ ಹುಡುಗಿಯರು ಮತ್ತು 60 ದಾಟಿದವರು. ಚಿಕ್ಕ ಹುಡುಗಿಗೆ ಮತ್ತೆ ಮತ್ತೆ ನವೆ, ಸ್ರಾವ, ಗಾಯ ಕಂಡರೆ ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಕೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.
- ಆರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಬಂದವರು. ಇವರು ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಹೆಣ್ಣುಮಕ್ಕಳಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲು ತಿಳಿಯುವುದೇ ಈ ನವೆಯಿಂದ. ಸಕ್ಕರೆ ಹತೋಟಿಗೆ ಬರದೆ ಯಾವ ಮುಲಾಮೂ ನಿಲ್ಲುವುದಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ತಪಾಸಣೆ ಉಚಿತ.
- ವಾಸನೆಯ ಸ್ರಾವ, ಹಳದಿ ಹಸಿರು ಸ್ರಾವ, ಕೆಳಹೊಟ್ಟೆ ನೋವು, ಜ್ವರ ಇರುವವರು.
- ಹುಣ್ಣು, ಗಂಟು, ಬಿಳಿ ಮಚ್ಚೆ, ವಾಸಿಯಾಗದ ಗಾಯ ಇರುವವರು.
- ಮುಟ್ಟು ನಿಂತ ಮೇಲೆ ರಕ್ತ ಕಂಡವರು, ಸಂಪರ್ಕದ ನಂತರ ರಕ್ತ ಕಾಣುವವರು. ಇವರು ಒಂದು ದಿನವೂ ತಡ ಮಾಡಬಾರದು.
- ಈಗಾಗಲೇ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಿಶ್ರಣ ಹಚ್ಚುತ್ತಿರುವವರು. ಬಳಸಿದ ಟ್ಯೂಬನ್ನೇ ಕೈಯಲ್ಲಿ ಹಿಡಿದು ಹೋಗಿ ತೋರಿಸಿ. ಬೈತಾರೆ ಅಂತ ಮುಚ್ಚಿಡಬೇಡಿ. ಏನು ಹಚ್ಚಿದ್ದೀರಿ ಎಂಬುದು ಗೊತ್ತಾದರೆ ಮಾತ್ರ ಅವರಿಗೆ ಸರಿಯಾಗಿ ಔಷಧಿ ಕೊಡಲು ಸಾಧ್ಯ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಹಿರಿಯೂರಿನ ತಾಲ್ಲೂಕು ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು. ಬಿಳಿಮುಟ್ಟಿನ ತೊಂದರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾತ್ರೆ ಕೊಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಗಂಡಸು ವೈದ್ಯರಾದರೆ ಪಕ್ಕದಲ್ಲಿ ನರ್ಸ್ ಇರಲಿ ಎಂದು ಕೇಳುವ ಹಕ್ಕು ನಿಮಗಿದೆ. ಮೊದಲು ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿದರೆ ಯಾವ ದಿನ ಹೋಗಬೇಕು, ಯಾರನ್ನು ನೋಡಬೇಕು ಎಂದು ಹೇಳುತ್ತಾರೆ.

ಮುಲಾಮಿಲ್ಲದೆ ಮಾಡಬಹುದಾದದ್ದು

ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ. ಮೊಸರಿಗೆ ಹೆಪ್ಪು ಹೇಗೋ ಆ ಭಾಗಕ್ಕೆ ಅವು ಹಾಗೆ. ಸೋಪು, ಡೆಟಾಲು ಹಾಕಿ ಒಳಗೆ ತೊಳೆದರೆ ಅವು ಸತ್ತು ತೊಂದರೆ ಹೆಚ್ಚುತ್ತದೆ. ಜಾಹೀರಾತಿನಲ್ಲಿ ತೋರಿಸುವ ವಿಶೇಷ ದ್ರವಗಳೂ ಬೇಕಾಗಿಲ್ಲ. ಹೊರಭಾಗವನ್ನು ದಿನಕ್ಕೆ ಒಂದೆರಡು ಸಲ ನೀರಿನಿಂದ ತೊಳೆದರೆ ಸಾಕು. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು.

ಸುಣ್ಣ, ಸೀಮೆಎಣ್ಣೆ, ಬೆಳ್ಳುಳ್ಳಿ, ನಿಂಬೆಹಣ್ಣು, ಉಪ್ಪು ಇವನ್ನು ಆ ಭಾಗಕ್ಕೆ ಹಚ್ಚಲೇಬೇಡಿ, ಚರ್ಮ ಸುಡುತ್ತದೆ. ಚರ್ಮ ಒಣಗಿ ನವೆಯಾಗುವವರು ಹೊರಭಾಗಕ್ಕೆ ಸ್ವಲ್ಪ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಬಹುದು. ನವೆ ತಡೆಯಲಾಗದಾಗ ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಉಗುರು ಕತ್ತರಿಸಿಕೊಳ್ಳಿ.

ಹತ್ತಿಯ ಒಳಉಡುಪು ಧರಿಸಿ, ಬಿಗಿಯಾದದ್ದು ಬೇಡ. ಹೊಲದಿಂದ ಬಂದ ಕೂಡಲೇ ಬೆವರಿನ ಬಟ್ಟೆ ಬದಲಿಸಿ. ಒಳಉಡುಪು, ಮುಟ್ಟಿನ ಬಟ್ಟೆಯನ್ನು ನಾಚಿಕೆಯಿಂದ ಸೀರೆಯ ಕೆಳಗೆ, ಬಚ್ಚಲ ಮೂಲೆಯಲ್ಲಿ ಒಣಗಿಸುವವರು ಬಹಳ ಮಂದಿ. ಅಲ್ಲಿ ಅದು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬಿಸಿಲು ನಮ್ಮ ಜಿಲ್ಲೆಗೆ ಬೇಕಾದಷ್ಟಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಬಟ್ಟೆಯನ್ನು ಬಿಸಿಲಲ್ಲೇ ಒಣಗಿಸಿ. ಹುಳುಕಡ್ಡಿ ಇರುವ ಮನೆಯಲ್ಲಿ ಟವೆಲು, ಒಳಬಟ್ಟೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಲಿ.

ಸಂಶಯ ಬೇಡ

ಇನ್ನೊಂದು ವಿಷಯ. ನವೆ ಅಂದ ಕೂಡಲೇ ಗಂಡ ಹೆಂಡತಿಯನ್ನು, ಅತ್ತೆ ಸೊಸೆಯನ್ನು ಸಂಶಯದಿಂದ ನೋಡುವುದುಂಟು. ಈ ಭಯಕ್ಕೇ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ. ಯೀಸ್ಟ್ ಸೋಂಕು ನಡತೆಯಿಂದ ಬರುವ ರೋಗವಲ್ಲ. ಮದುವೆಯಾಗದವರಿಗೂ, ವಯಸ್ಸಾದವರಿಗೂ, ಎಲ್ಲರಿಗೂ ಬರಬಹುದು. ಗಂಡನಿಗೆ ನವೆಯಿಲ್ಲದಿದ್ದರೆ ಸಾಮಾನ್ಯವಾಗಿ ಅವರಿಗೆ ಚಿಕಿತ್ಸೆಯೂ ಬೇಕಾಗುವುದಿಲ್ಲ. ಕೆಲವು ಸೋಂಕುಗಳಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು. ವೈದ್ಯರು ಹಾಗೆ ಹೇಳಿದರೆ ಅದು ಜಗಳಕ್ಕೆ ಕಾರಣವಲ್ಲ. ಒಬ್ಬರು ಮಾತ್ರ ತೆಗೆದುಕೊಂಡರೆ ರೋಗ ಮತ್ತೆ ಬರುತ್ತದೆ, ಅಷ್ಟೇ. ಈ ಪತ್ರವನ್ನು ಮನೆಯ ಗಂಡಸರಿಗೂ ಓದಲು ಕೊಡಿ. ಪೇಟೆಯಿಂದ ಟ್ಯೂಬ್ ತರುವವರು ಹೆಚ್ಚಾಗಿ ಅವರೇ.

ಸಂಘದಲ್ಲಿ ಏನು ಮಾಡಬಹುದು?

ಒಬ್ಬಳೇ ಹೋಗಲು ಹಿಂಜರಿಯುವ ಸದಸ್ಯೆಯ ಜೊತೆ ಇನ್ನೊಬ್ಬರು ಆಸ್ಪತ್ರೆಗೆ ಹೋಗಿಬನ್ನಿ. ಸಾಲದ ಕಂತಿಗೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಮಗೆ ಇದು ದೊಡ್ಡ ಕೆಲಸವಲ್ಲ. ಹೇಳಿಕೊಂಡದ್ದನ್ನು ಸಂಘದ ಹೊರಗೆ ಆಡದಿರುವುದು ಎಲ್ಲಕ್ಕಿಂತ ಮುಖ್ಯ. ವರ್ಷಕ್ಕೊಮ್ಮೆ ಆಶಾ ಕಾರ್ಯಕರ್ತೆಯನ್ನೋ, ಆರೋಗ್ಯ ಕೇಂದ್ರದ ನರ್ಸನ್ನೋ ಸಭೆಗೆ ಕರೆಸಿ ಈ ಬಗ್ಗೆ ಮಾತಾಡಿಸಿ.

ಮುಂದಿನ ಸಭೆಯಲ್ಲಿ ಚರ್ಚೆಗೆ:

1. ನಮ್ಮ ಮನೆಯಲ್ಲಿರುವ ಮುಲಾಮಿನ ಟ್ಯೂಬ್‌ಗಳನ್ನು ತಂದು ಸಣ್ಣ ಅಕ್ಷರ ಓದೋಣ. ಎಷ್ಟರಲ್ಲಿ ಸ್ಟೀರಾಯ್ಡ್ ಇದೆ? ಎಷ್ಟರ ಅವಧಿ ಮುಗಿದಿದೆ?
2. ನಮ್ಮಲ್ಲಿ 30 ವರ್ಷ ದಾಟಿದವರಲ್ಲಿ ಎಷ್ಟು ಮಂದಿ ಸಕ್ಕರೆ ಪರೀಕ್ಷೆ ಮಾಡಿಸಿದ್ದೇವೆ?
3. ಒಳಬಟ್ಟೆ, ಮುಟ್ಟಿನ ಬಟ್ಟೆ ಬಿಸಿಲಲ್ಲಿ ಒಣಗಿಸಲು ನಮಗೆ ಇರುವ ಅಡ್ಡಿ ಏನು? ಅದನ್ನು ಹೇಗೆ ಸರಿಪಡಿಸಬಹುದು?
4. ನಮ್ಮ ಹೆಣ್ಣುಮಕ್ಕಳು ಇಂಥ ತೊಂದರೆ ಬಂದರೆ ಮೊದಲು ಯಾರಿಗೆ ಹೇಳುತ್ತಾರೆ? ನಮಗೇ ಹೇಳುವಂತೆ ಆಗಲು ನಾವು ಏನು ಮಾಡಬೇಕು?